ಅಣ್ಣನ ಬಾಯಿ

ಈ ದೇಶಕ್ಕೆ ಬಂದಿಳಿದಾಗ ನನ್ನ ಪೆಟ್ಟಿಗೆಯಲ್ಲಿ ಎಂಟು ಜೊತೆ ಬಟ್ಟೆ, ಮೇಣ ಕೊರೆಯುವ ಎರಡು ಚಾಕು, ಒಂದು ಕಟ್ಟು ಅರ, ಮತ್ತು ನಮ್ಮಣ್ಣನ ಬಾಯಿ ಇದ್ದವು.

ತಮಾಷೆ ಮಾಡುತ್ತಿಲ್ಲ. ಮೇಲಿನ ದವಡೆ ಒಂದು, ಕೆಳಗಿನ ದವಡೆ ಒಂದು, ಎರಡೂ ಪ್ಲಾಸ್ಟರಿನ ಅಚ್ಚು. ಹಳೆಯ ಟವೆಲ್ಲಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಟ್ಟಿದ್ದೆ. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಟವೆಲ್ಲು ಬಿಚ್ಚಿದವನೇ ಎರಡು ಹೆಜ್ಜೆ ಹಿಂದೆ ಸರಿದ. ಪಕ್ಕದವನನ್ನು ಕರೆದ. ಅವನು ಇನ್ನೊಬ್ಬನನ್ನು ಕರೆದ. ನಾನು ಬಾಯಿ ತೆರೆದು, ಹಲ್ಲು ತಟ್ಟಿ ತೋರಿಸಿ, ಗಾಳಿಯಲ್ಲಿ ಅರ ಉಜ್ಜಿ, ನಾನು ಹಲ್ಲಿನ ಸೆಟ್ ಕಟ್ಟುವವಳು ಎಂದು ತಿಳಿಸುವಷ್ಟರಲ್ಲಿ ಹಿಂದೆ ನಿಂತವರೆಲ್ಲ ಬೇರೆ ಸಾಲಿಗೆ ಹೋಗಿದ್ದರು. ಇದು ಯಾರದ್ದು ಎಂದು ಕೇಳಿದರು. ನಮ್ಮಣ್ಣನದು ಎಂದೆ. ಅಣ್ಣ ಬದುಕಿದ್ದಾನಾ ಎಂದು ಕೇಳಿದರು. ಬದುಕಿದ್ದಾನೆ, ನನ್ನ ಜೊತೆ ಮಾತು ಬಿಟ್ಟಿದ್ದಾನೆ ಅಷ್ಟೇ ಎಂದೆ. ಅವರಿಗೆ ಎಷ್ಟು ಅರ್ಥವಾಯಿತೋ, ಪೆಟ್ಟಿಗೆ ಮುಚ್ಚಿ ಮುಂದಕ್ಕೆ ತಳ್ಳಿದರು.

ಮುಂದಿನ ಕಿಟಕಿಯಲ್ಲಿ ಕೂತಿದ್ದವಳು ಎರಡೇ ಪ್ರಶ್ನೆ ಕೇಳಿದಳು. ಎಲ್ಲಿ ಕೆಲಸ? ಹುಡುಕಬೇಕು. ಎಲ್ಲಿ ಮನೆ? ಅದನ್ನೂ ಹುಡುಕಬೇಕು. ಅವಳು ನನ್ನ ವಯಸ್ಸಿನ ಮೇಲೆ ಒಮ್ಮೆ, ಮುಖದ ಮೇಲೆ ಒಮ್ಮೆ ಕಣ್ಣು ಹಾಯಿಸಿ ತೊಂಬತ್ತು ದಿನದ ಮುದ್ರೆ ಒತ್ತಿದಳು. ಅಷ್ಟರೊಳಗೆ ಕೆಲಸದ ಪತ್ರ ಸಿಕ್ಕರೆ ಇರಬಹುದು. ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ನಲವತ್ತೇಳನೇ ವಯಸ್ಸಿನಲ್ಲಿ ಕೆಲಸವೂ ಇಲ್ಲದ, ಮನೆಯೂ ಇಲ್ಲದ ಕಡೆಗೆ ಯಾರಾದರೂ ಹೊರಡುತ್ತಾರೆಯೇ? ಬುದ್ಧಿ ಇದ್ದವರು ಹೊರಡುವುದಿಲ್ಲ. ನಾನು ಬುದ್ಧಿಯಿಂದ ಹೊರಟವಳಲ್ಲ, ಸಿಟ್ಟಿನಿಂದ ಹೊರಟವಳು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅಣ್ಣ ಚಿಕ್ಕಂದಿನಿಂದ ನನ್ನನ್ನು ಕರೆಯುತ್ತಿದ್ದದ್ದೇ ಮೆಣಸಿನಕಾಯಿ ಎಂದು.

ಅಣ್ಣನದು ಹಲ್ಲು ಕಟ್ಟುವ ಅಂಗಡಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ವಾಪಸ್ಸು ಬಂದ ನನ್ನನ್ನು, ಯಾಕೆ ಏನು ಎಂದು ಒಂದು ಮಾತೂ ಕೇಳದೆ ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಕೈಗೆ ಪ್ಲಾಸ್ಟರ್ ಬಟ್ಟಲು ಕೊಟ್ಟು ‘ಕಲಿ’ ಎಂದವನು ಅವನೇ. ಆ ಉಪಕಾರ ನಾನು ಮರೆತಿಲ್ಲ. ಅದನ್ನು ಹೇಳಿಯೇ ಉಳಿದದ್ದನ್ನು ಹೇಳುತ್ತೇನೆ. ಇಪ್ಪತ್ತಾರು ವರ್ಷ ಅವನು ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡಿದ, ನಾನು ಹಿಂದಿನ ಕೋಣೆಯಲ್ಲಿ ಹಲ್ಲು ಕಟ್ಟಿದೆ. ಮಾತು ಅವನದು, ಹಲ್ಲು ನನ್ನದು. ಬೋರ್ಡಿನ ಮೇಲೆ ಅವನ ಹೆಸರು. ಪ್ರತಿ ಸೆಟ್ಟಿನ ಒಳಮೈಯಲ್ಲಿ ಅಂಟಿಸುವ ಅಕ್ಕಿಕಾಳಿನಷ್ಟು ಚೀಟಿಯಲ್ಲೂ ಅವನ ಹೆಸರು. ಊರಿನ ಅರ್ಧ ಜನ ನನ್ನ ಹಲ್ಲಿನಿಂದ ಅಗಿದು ಅವನಿಗೆ ನಮಸ್ಕಾರ ಹೇಳುತ್ತಿದ್ದರು.

ನನಗೂ ನನ್ನದೇ ಒಂದು ವಿದ್ಯೆ ಇತ್ತು. ಬಾಯಿ ಸುಮ್ಮನಿದ್ದಾಗ ತೆಗೆದ ಅಚ್ಚು ಮಾತಾಡುವ ಬಾಯಿಗೆ ಕೂರುವುದಿಲ್ಲ. ಆದ್ದರಿಂದ ಅಚ್ಚಿನ ಹಿಟ್ಟು ಬಾಯಲ್ಲಿಟ್ಟು ಅದು ಗಟ್ಟಿಯಾಗುವವರೆಗೆ ನಾನು ಗಿರಾಕಿಯನ್ನು ಮಾತಾಡಿಸುತ್ತಿದ್ದೆ. ಅಜ್ಜಿಯರಿಗೆ ಸೊಸೆಯ ವಿಷಯ ತೆಗೆದರೆ ಸಾಕು, ವಸಡು ಕೆನ್ನೆ ನಾಲಿಗೆ ಎಲ್ಲ ತಾವಾಗಿಯೇ ಓಡಾಡುತ್ತಿದ್ದವು. ಅಣ್ಣನ ಹಲ್ಲೆಲ್ಲ ಉದುರಿದಾಗ ಅವನ ಕೆಳವಸಡು ಒರೆಸಿಟ್ಟ ಹಲಗೆಯಂತೆ ಸಪಾಟಾಗಿತ್ತು, ಸೆಟ್ ನಿಲ್ಲಲು ಜಾಗವೇ ಇರಲಿಲ್ಲ. ನಾನು ಹಿಟ್ಟು ತುಂಬಿಸಿ, ಬೇಕೆಂದೇ ಅಪ್ಪನ ಕಾಲದ ಒಂದು ಜಗಳ ತೆಗೆದೆ. ಬಾಯಿ ತುಂಬ ಹಿಟ್ಟಿಟ್ಟುಕೊಂಡೇ ಅವನು ನನ್ನನ್ನು ಬಾಯಿಗೆ ಬಂದಂತೆ ಬೈದ. ಆ ಅಚ್ಚಿನ ಮೇಲೆ ಕಟ್ಟಿದ ಸೆಟ್ ಒಂಬತ್ತು ವರ್ಷ ಕೂತಲ್ಲೇ ಕೂತಿತ್ತು. ಹೊಸ ಹಲ್ಲು ಹಾಕಿಸಿಕೊಂಡವರೆಲ್ಲ ‘ಸಾಸಿವೆ, ಸಾವಿರ, ಸಂತೆ’ ಎಂದು ಹೇಳಿ ತೋರಿಸಬೇಕು, ಅದು ನಮ್ಮ ಅಂಗಡಿಯ ಕಾಯಿದೆ. ಸೆಟ್ ಎಲ್ಲಿ ಎತ್ತರವಿದೆ, ಎಲ್ಲಿ ಸಡಿಲವಿದೆ ಎನ್ನುವುದನ್ನು ನನ್ನ ಕಿವಿ ಹೇಳುತ್ತಿತ್ತು.

ಆಮೇಲೆ ಅಣ್ಣನ ಅಳಿಯ ಬಂದ, ಜೊತೆಗೊಂದು ಯಂತ್ರ ತಂದ. ಬಾಯಿಯೊಳಗೆ ಒಂದು ಕಡ್ಡಿ ಆಡಿಸಿದರೆ ಅದು ಚಿತ್ರ ತೆಗೆದುಕೊಳ್ಳುತ್ತದಂತೆ, ಪಕ್ಕದ ಡಬ್ಬ ತಾನೇ ಹಲ್ಲು ಕೊರೆಯುತ್ತದಂತೆ. ಯಂತ್ರ ಇಡಲು ಹಿಂದಿನ ಕೋಣೆ ಬೇಕಾಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಮೇಜು ಹಿತ್ತಲಿನಲ್ಲಿ ತಗಡಿನ ಕೆಳಗೆ ನಿಂತಿತ್ತು. ಸಾಕು, ಇನ್ನು ನೀನು ಮನೆಯಲ್ಲಿ ಆರಾಮಾಗಿರು ಎಂದ ಅಣ್ಣ. ಆರಾಮಂತೆ! ನನ್ನ ಬಾಯಿಗೆ ಬೀಗ ಇಲ್ಲ, ಹೇಳಬಾರದ್ದನ್ನೆಲ್ಲ ಹೇಳಿದೆ. ಅವನು ಒಂದೇ ಮಾತು ಹೇಳಿದ.

“ಅಂಗಡಿ ನನ್ನದು.”

ಬೋರ್ಡಿನ ಮೇಲೂ ಹಾಗೇ ಬರೆದಿತ್ತು. ಇಂಥ ದೇಶದಲ್ಲಿ ಹಲ್ಲು ಕಟ್ಟುವವರು ಸಿಗುವುದೇ ಇಲ್ಲವಂತೆ ಎಂದು ಯಾವನೋ ಗಿರಾಕಿ ಯಾವತ್ತೋ ಹೇಳಿದ್ದ. ಆ ಒಂದು ಮಾತು ಹಿಡಿದುಕೊಂಡು ಟಿಕೆಟ್ ತೆಗೆದೆ. ಹೊರಡುವ ದಿನ ಅಂಗಡಿಗೆ ಹೋಗಿ, ಅಚ್ಚುಗಳ ಅಟ್ಟಣಿಗೆಯಿಂದ ಅಣ್ಣನ ಅಚ್ಚು ಇಳಿಸಿಕೊಂಡೆ. ನನ್ನ ಕೆಲಸದ ಮಾದರಿಗೆ ಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅರ್ಧ ಅದು, ಇನ್ನರ್ಧ ಹೊಟ್ಟೆಯುರಿ. ಅಂಗಡಿ ನಿನ್ನದಾದರೆ ನಿನ್ನ ಬಾಯಿ ನನ್ನ ಕೈಯಲ್ಲಿರಲಿ ಎನ್ನುವ ಹಟ. ಅಣ್ಣ ಬಾಗಿಲಿಗೂ ಬರಲಿಲ್ಲ. ಅತ್ತಿಗೆ ಬಸ್ಸಿನವರೆಗೆ ಬಂದು, ಭಾನುವಾರ ಭಾನುವಾರ ಫೋನ್ ಮಾಡುತ್ತೇನೆ ಎಂದು ಕಣ್ಣು ಒರೆಸಿಕೊಂಡಳು.

ಇಲ್ಲಿಗೆ ಬಂದ ಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡಂತಾಯಿತು. ಮೊದಲ ವಾರ ಎಂಟು ಮಂಚಗಳ ಒಂದು ಕೋಣೆಯಲ್ಲಿ ಮೇಲಿನ ಮಂಚ. ಆಮೇಲೆ ಬಟ್ಟೆ ಒಗೆಯುವ ಅಂಗಡಿಯ ಹಿಂದೆ ಒಂದು ಕೋಣೆ, ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಗೋಡೆ ನಡುಗುತ್ತಿತ್ತು. ಮೂರು ಕಡೆ ಬದಲಾಯಿಸಿದರೂ ಪೆಟ್ಟಿಗೆಯಿಂದ ಒಂದು ಸೀರೆಯನ್ನೂ ಹೊರಗೆ ಮಡಿಸಿಡಲಿಲ್ಲ. ಎಲ್ಲಿ ಕೂತರೂ ಎದ್ದು ಹೋಗಬೇಕು ಎನಿಸುತ್ತಿತ್ತು, ಎದ್ದು ನಡೆದರೆ ಎಲ್ಲಿಗೆ ಎಂದು ತಿಳಿಯುತ್ತಿರಲಿಲ್ಲ. ಬೀದಿಯ ಕೊನೆಯವರೆಗೆ ನಡೆದು, ಅಲ್ಲಿನ ದೀಪದ ಕಂಬ ಮುಟ್ಟಿ, ವಾಪಸ್ಸು ಬರುತ್ತಿದ್ದೆ. ದಿನಕ್ಕೆ ಹತ್ತು ಸಲ.

ಮನೆ ಕೇಳಿದರೆ ಕೆಲಸದ ಪತ್ರ ತೋರಿಸು ಎನ್ನುತ್ತಿದ್ದರು. ಕೆಲಸ ಕೇಳಿದರೆ ಮನೆಯ ವಿಳಾಸ ಬರೆ ಎನ್ನುತ್ತಿದ್ದರು. ಹುಚ್ಚು ಬಿಡುವವರೆಗೆ ಮದುವೆ ಇಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡುವುದಿಲ್ಲ ಎಂದು ನಾವು ಹೇಳುವುದನ್ನು ಈ ಜನ ಕಚೇರಿಯ ನಿಯಮ ಮಾಡಿಕೊಂಡಿದ್ದರು. ಹನ್ನೊಂದು ಕಡೆ ಹಲ್ಲಿನ ಕಾರ್ಖಾನೆಗಳ ಬಾಗಿಲು ತಟ್ಟಿದೆ. ಹನ್ನೊಂದು ಕಡೆಯೂ ಪ್ರಮಾಣಪತ್ರ ಕೇಳಿದರು. ನನ್ನ ಪ್ರಮಾಣಪತ್ರಗಳೆಲ್ಲ ಊರಿನವರ ಬಾಯಲ್ಲಿದ್ದವು.

ಭಾನುವಾರ ಅತ್ತಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ. ಹಿಂದೆ ಅಣ್ಣ ಕೆಮ್ಮುವುದು ಕೇಳುತ್ತಿತ್ತು. ಅವನು ಫೋನ್ ತೆಗೆದುಕೊಳ್ಳುತ್ತಿರಲಿಲ್ಲ, ನಾನೂ ಕೊಡಿ ಎನ್ನುತ್ತಿರಲಿಲ್ಲ. ಸೋತು ವಾಪಸ್ಸು ಹೋಗಿ ಆ ಹಿತ್ತಲಿನ ತಗಡಿನ ಕೆಳಗಿನ ಮೇಜು ನೋಡುವುದನ್ನು ನೆನೆಸಿಕೊಂಡರೇ ಎದ್ದು ಇನ್ನೊಂದು ಬಾಗಿಲು ತಟ್ಟಲು ಹೋಗುತ್ತಿದ್ದೆ.

ಮೂರನೇ ಮನೆ ಒಬ್ಬ ಮುದುಕಿಯದು. ವಾರದ ಲೆಕ್ಕದಲ್ಲಿ ಕೋಣೆ ಕೊಟ್ಟಿದ್ದಳು, ಕೆಲಸದ ಪತ್ರ ತಂದರೆ ಮಾತ್ರ ಮುಂದಿನ ಮಾತು ಎಂದಿದ್ದಳು. ‘ಕೋಣೆ ಖಾಲಿ ಇದೆ’ ಎನ್ನುವ ಹಲಗೆಯನ್ನು ಕಿಟಕಿಯಿಂದ ತೆಗೆದಿರಲೇ ಇಲ್ಲ. ನಾನು ಒಳಗಿರುವಾಗಲೇ ಹೊರಗೆ ನಿಂತು ಜನ ಅದನ್ನು ಓದುತ್ತಿದ್ದರು. ಮುದುಕಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದಳು. ಮಾತಾಡಿದಾಗಲೆಲ್ಲ ಅವಳ ಬಾಯೊಳಗೆ ಟಕ್ ಟಕ್ ಎನ್ನುತ್ತಿತ್ತು.

ಆ ಸದ್ದು ಕೇಳಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೆಳಗೆ ಎಡಗಡೆ, ಹಿಂದಿನಿಂದ ಎರಡನೇ ಹಲ್ಲು, ಒಂದು ಕೂದಲೆಳೆಯಷ್ಟು ಎತ್ತರ. ಎಂಟು ದಿನ ತಡೆದುಕೊಂಡೆ. ಒಂಬತ್ತನೇ ದಿನ ಅವಳ ಎದುರು ನಿಂತು, ನನಗೆ ಬರುವ ನಾಲ್ಕು ಮಾತು ಜೋಡಿಸಿ, ನಿಮ್ಮ ಎಡಗಡೆಯ ಹಲ್ಲು ಎತ್ತರ ಇದೆ, ಕೊಡಿ, ಉಜ್ಜಿಕೊಡುತ್ತೇನೆ ಎಂದೆ. ಅವಳ ಮುಖ ಕೆಂಪಾಯಿತು. ಅವಳ ಬಾಯಲ್ಲಿರುವುದು ಕಟ್ಟಿಸಿದ ಹಲ್ಲು ಎನ್ನುವುದು ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಪಾಪ ಅವಳು ತಿಳಿದಿದ್ದಳು. ಎರಡು ದಿನ ನನ್ನತ್ತ ತಿರುಗಿಯೂ ನೋಡಲಿಲ್ಲ. ಇದೊಂದು ಕೋಣೆಯೂ ಹೋಯಿತು ಎಂದುಕೊಂಡೆ.

ಮೂರನೇ ದಿನ ಮಧ್ಯಾಹ್ನ ಬಾಗಿಲು ತಟ್ಟಿ, ಕರವಸ್ತ್ರದಲ್ಲಿ ಸುತ್ತಿದ ಹಲ್ಲನ್ನು ನನ್ನ ಕೈಗೆ ಹಾಕಿ, ಬೊಚ್ಚುಬಾಯಿ ಮುಚ್ಚಿಕೊಂಡು ನಿಂತಳು. ಮತ್ತೆ ಹಾಕಿಸಿ, ಕಾರ್ಬನ್ ಕಾಗದ ಕಚ್ಚಿಸಿ ನೋಡಿದೆ. ನಾನು ಹೇಳಿದ ಜಾಗದಲ್ಲೇ ಕಪ್ಪು ಚುಕ್ಕಿ. ಹತ್ತು ನಿಮಿಷ ಅರ ಆಡಿಸಿದೆ. ಅವಳು ಹಾಕಿಕೊಂಡು, ಅಡುಗೆಮನೆಗೆ ಹೋಗಿ, ಒಂದು ಹಸಿ ಕ್ಯಾರೆಟ್ ತಂದು ನನ್ನ ಎದುರಿಗೇ ಕಚ್ಚಿದಳು. ಇಡೀ ಕ್ಯಾರೆಟ್ಟನ್ನು ನಿಂತಲ್ಲೇ ತಿಂದು ಮುಗಿಸಿದಳು. ಆಮೇಲೆ ನನ್ನ ಮುಂಗೈ ಹಿಡಿದುಕೊಂಡು ದರದರ ಎಳೆದುಕೊಂಡು ಹೊರಟಳು.

ಹೋದದ್ದು ಆ ಹಲ್ಲು ಕಟ್ಟಿದ ಕಾರ್ಖಾನೆಗೆ. ನಾನು ಬಾಗಿಲು ತಟ್ಟಿದ್ದ ಹನ್ನೊಂದರಲ್ಲಿ ಅದು ಆರನೆಯದು. ದಪ್ಪ ಕನ್ನಡಕದ ಯಜಮಾನ ಹೊರಗೆ ಬಂದ. ಮುದುಕಿ ಅವನಿಗೆ ಮಾಡಿದ ಮಂಗಳಾರತಿಯಲ್ಲಿ ನನಗೆ ಕಾಲು ಭಾಗ ಅರ್ಥವಾಯಿತು. ಆರು ವರ್ಷದಿಂದ ಟಕ್ ಟಕ್, ಇವಳು ಹತ್ತು ನಿಮಿಷ! ಅವನು ಸೆಟ್ ತೆಗೆಸಿ, ದೀಪದ ಕೆಳಗೆ ಹಿಡಿದು, ನಾನು ಉಜ್ಜಿದ ಜಾಗವನ್ನು ಬಹಳ ಹೊತ್ತು ನೋಡಿದ. ಯಾವ ಯಂತ್ರ ಬಳಸಿದೆ ಎಂದು ಕೇಳಿದ. ಕೈ ತೋರಿಸಿದೆ.

ಹೊರಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕಾದರೆ ಅವರು ಸ್ವಂತ ಕೈಯಿಂದ ಕಟ್ಟಿದ ಒಂದು ಪೂರ್ತಿ ಸೆಟ್ ಸರಕಾರದ ಕಚೇರಿಗೆ ಹೋಗಬೇಕು, ಅಲ್ಲಿ ಒಪ್ಪಿದರೆ ಪತ್ರ ಕೊಡುತ್ತಾರೆ ಎಂದು ಯಜಮಾನ ವಿವರಿಸಿದ. ಉತ್ತರ ಬರಲು ಮೂರು ವಾರದ ಮೇಲಾಗುತ್ತದೆ. ಅವತ್ತಿಗೆ ನನ್ನ ಐವತ್ತೆಂಟು ದಿನ ಮುಗಿದಿದ್ದವು. ಅವನ ಕೆಲಸಗಾರನೊಬ್ಬ ಐದು ದಿನ ರಜೆಯಲ್ಲಿದ್ದ. ಆ ಮೇಜು ಐದು ದಿನ ನಿನ್ನದು, ಒಂದು ಸೆಟ್ಟಿಗೆ ಬೇಕಾದ ಸಾಮಾನು ಕೊಡುತ್ತೇನೆ, ಸೋಮವಾರ ಬೆಳಿಗ್ಗೆ ಸೆಟ್ ಕಚೇರಿಗೆ ಹೋಗುತ್ತದೆ, ಮೇಜು ಅವನಿಗೆ ಹೋಗುತ್ತದೆ ಎಂದ. ಕಲಿಯುವವರಿಗಾಗಿ ಇಟ್ಟಿದ್ದ ಒಂದು ಅಚ್ಚನ್ನೂ ಕೊಡಲು ಬಂದ. ವಸಡು ಎತ್ತರವಾಗಿದ್ದ, ಸಲೀಸಾದ ಅಚ್ಚು.

ಅದನ್ನು ತೆಗೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಬೇಡ ಎಂದೆ. ಟವೆಲ್ಲು ಬಿಚ್ಚಿ ಅಣ್ಣನ ಬಾಯಿ ಮೇಜಿನ ಮೇಲಿಟ್ಟೆ. ಯಜಮಾನ ಆ ಸಪಾಟು ಕೆಳವಸಡನ್ನು ಬೆರಳಿನಿಂದ ಸವರಿ, ಇದರ ಮೇಲೆ ಹಲ್ಲು ನಿಲ್ಲುವುದಿಲ್ಲ ಎಂದ. ನಿಲ್ಲಿಸಿ ಒಂಬತ್ತು ವರ್ಷವಾಯಿತು ಎಂದೆ.

ಆ ಐದು ದಿನ ನನ್ನ ಕಾಲು ಮಾತ್ರ ಒಂದು ಕಡೆ ನಿಂತವು, ಮನಸ್ಸು ನಿಲ್ಲಲಿಲ್ಲ. ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿದೆ. ಅಣ್ಣನ ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಪಕ್ಕದ್ದರ ಮೇಲೆ ಸ್ವಲ್ಪ ಏರಿ ಕೂತಿತ್ತು, ಚಿಕ್ಕಂದಿನಿಂದಲೂ. ಇಲ್ಲೂ ಹಾಗೆಯೇ ಏರಿಸಿದೆ. ನೇರ ಮಾಡು ಎಂದು ಯಜಮಾನ ಹೇಳಿದ. ನೇರ ಮಾಡಿದರೆ ಅದು ಬೇರೆಯವರ ಬಾಯಾಗುತ್ತದೆ ಎಂದೆ. ಅವನು ಭುಜ ಕುಣಿಸಿ ಹೋದ. ಸಿಟ್ಟು ಬಂದಾಗ ಅಣ್ಣ ಯಾವ ಕಡೆ ಹಲ್ಲು ಕಡಿಯುತ್ತಾನೆ, ನಗುವಾಗ ಎಷ್ಟು ವಸಡು ಕಾಣುತ್ತದೆ ಎಂದು ನೆನೆದು ನೆನೆದು ಕೊರೆಯುತ್ತಿದ್ದೆ. ಮಾತು ಬಿಟ್ಟವನ ಮುಖವನ್ನು ಐದು ದಿನ ಅಷ್ಟು ಹತ್ತಿರದಿಂದ ನೋಡುವುದು ಸುಲಭವಲ್ಲ. ಒಂದೆರಡು ಸಲ ಎದ್ದು ಹೊರಗೆ ಹೋಗಿ ಕಣ್ಣೀರು ಒರೆಸಿಕೊಂಡು ಬಂದೆ.

ಮೇಣದ ಸೆಟ್ಟನ್ನು ಅಚ್ಚಿನ ಸಮೇತ ಡಬ್ಬಿಯಲ್ಲಿಟ್ಟು, ಮೇಣ ಕರಗಿಸಿ, ಅದರ ಜಾಗಕ್ಕೆ ವಸಡಿನ ಬಣ್ಣದ ಗುಲಾಬಿ ಹಿಟ್ಟು ತುಂಬಿ ಬೇಯಿಸಬೇಕು. ಬೆಂದ ಮೇಲೆ ಪ್ಲಾಸ್ಟರ್ ಒಡೆದು ಸೆಟ್ ಬಿಡಿಸಬೇಕು. ಅಚ್ಚು ಉಳಿಯುವುದಿಲ್ಲ. ಅದಕ್ಕೇ ಮೊದಲೇ ಒಂದು ನಕಲು ಅಚ್ಚು ತೆಗೆದಿಡಬೇಕು, ನಾನು ಊರಿನಿಂದ ತಂದದ್ದೂ ಅಂಥ ನಕಲೇ. ನಮ್ಮ ಅಂಗಡಿಗೆ ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನ ನಾನು ಹೇಳಿಕೊಡುತ್ತಿದ್ದ ಪಾಠವೇ ಅದು. ಊರಿಗೆಲ್ಲ ಬುದ್ಧಿ ಹೇಳುವ ನಾನು ಅವಸರದಲ್ಲಿ ನಕಲು ತೆಗೆಯಲಿಲ್ಲ. ಶನಿವಾರ ಸುತ್ತಿಗೆ ತಟ್ಟಿದಾಗ ಅಣ್ಣನ ಅಚ್ಚು ನಾಲ್ಕು ತುಂಡಾಗಿ ಮೇಜಿನ ಮೇಲೆ ಬಿತ್ತು, ಸೆಟ್ ಕೈಗೆ ಬಂತು. ಹೊಳಪು ಕೊಟ್ಟು ಮುಗಿಸಿದೆ. ಯಜಮಾನ ಹಿಂದೆ ಮುಂದೆ ತಿರುಗಿಸಿ ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಒಳಮೈಯಲ್ಲಿ ಚೀಟಿಗಾಗಿ ಕೊರೆದ ಜಾಗ ಖಾಲಿ ಇತ್ತು. ಮಾಡಿದವರ ಹೆಸರಿಲ್ಲದೆ ಕಚೇರಿಗೆ ಹೋಗುವುದಿಲ್ಲ, ಸೋಮವಾರ ಹಾಕು ಎಂದ. ನನ್ನ ಡಬ್ಬಿಯಲ್ಲಿ ಹಳೆಯ ಅಭ್ಯಾಸದಂತೆ ಅಣ್ಣನ ಹೆಸರಿನ ಚೀಟಿಗಳೇ ಇದ್ದವು. ಅದರಲ್ಲಿ ನನ್ನ ಹೆಸರಿನದು ಯಾವತ್ತೂ ಇರಲಿಲ್ಲ.

ಮಾರನೇ ದಿನ ಭಾನುವಾರ. ಸೆಟ್ ನನ್ನ ಕೋಣೆಯಲ್ಲಿ ನೀರಿನ ಬಟ್ಟಲಿನಲ್ಲಿತ್ತು. ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು. ಎರಡು ಮಾತು ಆಡುವುದರೊಳಗೆ ಅಳತೊಡಗಿದಳು. ತಿಂಗಳ ಹಿಂದೆ ಅಣ್ಣನ ಕೆಳಗಿನ ಸೆಟ್ ಮುಖ ತೊಳೆಯುವಾಗ ಜಾರಿ ಬಿದ್ದು ಮೂರು ತುಂಡಾಯಿತಂತೆ. ಅಳಿಯ ಅಂಟಿಸಿದ, ಮತ್ತೆ ಮುರಿಯಿತು. ಯಂತ್ರದಲ್ಲಿ ಎರಡು ಹೊಸ ಸೆಟ್ ಮಾಡಿದ. ಮಾವನನ್ನು ಕೂರಿಸಿ, ಬಾಯಿ ಆಡಿಸಬೇಡಿ, ಅಲುಗಬೇಡಿ ಎಂದು ಹೇಳಿ ಚಿತ್ರ ತೆಗೆದನಂತೆ. ಪಾಪ, ಮಾವನಿಂದ ಬೈಸಿಕೊಳ್ಳುವ ಧೈರ್ಯ ಯಾವ ಅಳಿಯನಿಗಿದೆ? ಎರಡು ಸೆಟ್ಟೂ ಬಾಯಲ್ಲಿ ನೀರಿನ ಮೇಲಿನ ತಟ್ಟೆಯಂತೆ ತೇಲಿದವು, ವಸಡೆಲ್ಲ ಹುಣ್ಣಾಯಿತು. ಈಗ ಹಲ್ಲೇ ಬೇಡ ಎಂದು ಕೂತಿದ್ದಾನೆ. ಬರೀ ಗಂಜಿ. ಸಕ್ಕರೆ ಕಾಯಿಲೆಯವನು, ಅಂಗಿಯೆಲ್ಲ ದೊಗಳೆಯಾಗಿದೆ.

“ನೀನು ಮಾಡಿದ ಹಳೇ ಅಚ್ಚು ಇದ್ರೆ ಅದರ ಮೇಲೆ ಬೇರೆ ಯಾರ ಹತ್ರನಾದ್ರೂ ಕಟ್ಟಿಸಬಹುದಂತೆ,” ಎಂದಳು ಅತ್ತಿಗೆ. “ಅಟ್ಟ ಎಲ್ಲ ಹುಡುಕಿದ್ವಿ. ಎಲ್ಲಿಟ್ಟಿದ್ದೀಯಾ?”

ನಾನು ಬಟ್ಟಲಿನ ಕಡೆ ನೋಡಿದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ಬಾಯಿಗೆ ಕೂರುವ ಸೆಟ್ ಇಡೀ ಲೋಕದಲ್ಲಿ ಇದೊಂದೇ. ಅಚ್ಚು ಒಡೆದುಹೋಗಿದೆ. ಇನ್ನೊಂದು ಕಟ್ಟಲು ಮೇಜಿಲ್ಲ. ನಾಳೆ ಇದು ಕಚೇರಿಗೆ ಹೋಗದಿದ್ದರೆ ನನ್ನ ತೊಂಬತ್ತು ದಿನದೊಳಗೆ ಪತ್ರ ಬರುವುದಿಲ್ಲ. ಕಚೇರಿಗೆ ಹೋದರೆ ಅಣ್ಣನಿಗೆ ಇನ್ನೂ ಒಂದು ತಿಂಗಳು ಗಂಜಿಯೇ ಗತಿ. ಹಾಗೆ ಹೋದದ್ದು ಕಚೇರಿಯಿಂದ ವಾಪಸ್ಸು ಬರುತ್ತದೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಗೊತ್ತಿಲ್ಲ, ಎಲ್ಲೋ ಇರಬೇಕು ಎಂದುಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಹುಣ್ಣಾದ ಆ ವಸಡು ನನ್ನ ಕಣ್ಣಿಗೆ ಕಟ್ಟಿತು. ಒಂದೊಂದು ಏರಿಳಿತವೂ ನನಗೆ ಗೊತ್ತಿದ್ದ ವಸಡು.

ಎಲ್ಲ ಹೇಳಿಬಿಟ್ಟೆ. ಅಚ್ಚು ಕದ್ದದ್ದು, ಅರ್ಧ ಹೊಟ್ಟೆಯುರಿಯಿಂದ ಕದ್ದದ್ದು, ಪರೀಕ್ಷೆಗೆ ಸೆಟ್ ಕಟ್ಟಿದ್ದು, ಅಚ್ಚು ಒಡೆದದ್ದು, ತೊಂಬತ್ತು ದಿನ, ಮನೆ ಇಲ್ಲದ್ದು, ಕೆಲಸ ಇಲ್ಲದ್ದು. ಎಲ್ಲ ಚೆನ್ನಾಗಿದೆ ಎಂದು ಎಂಟು ಭಾನುವಾರ ಹೇಳಿದ್ದು ಸುಳ್ಳು ಎಂದೂ ಹೇಳಿದೆ. ನಾಳೆಯೇ ಸೆಟ್ ಕಳಿಸುತ್ತೇನೆ, ಅಣ್ಣನಿಗೆ ಹೇಳಿ ಎಂದೆ. ಫೋನ್ ಕೈ ಬದಲಾಯಿಸಿತು.

“ಮೆಣಸಿನಕಾಯಿ.”

ಹಲ್ಲಿಲ್ಲದ ಬಾಯಿಯ ದನಿ. ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಎಲ್ಲ ಅಕ್ಷರಗಳೂ ಒದ್ದೆಯಾಗಿ ಒಂದರ ಮೇಲೊಂದು ಜಾರುತ್ತಿದ್ದವು.

“ಕಳಿಸಬೇಡ. ಅದನ್ನ ನಿನ್ನ ಪರೀಕ್ಷೆಗೆ ಕೊಡು.”

“ನೀನು ಒಣಗಿ ಹೋಗಿದ್ದೀಯಂತೆ.”

“ಗಂಜಿ ಕುಡಿದು ಯಾರೂ ಸತ್ತಿಲ್ಲ. ಹುಟ್ಟಿದಾಗ ನಿನಗೆ ಹಲ್ಲಿತ್ತಾ?”

“ನಿನಗೆ ಸಕ್ಕರೆ ಕಾಯಿಲೆ ಇದೆ, ಮೊಂಡು ಮಾಡಬೇಡ.”

“ಯಾರು ಮೊಂಡು? ಹೇಳದೆ ಕೇಳದೆ ನನ್ನ ಬಾಯಿ ಕಟ್ಟಿಕೊಂಡು ದೇಶ ಬಿಟ್ಟು ಹೋದವಳು ಯಾರು?” ದನಿ ಏರಿತು. ಆಮೇಲೆ ತಗ್ಗಿತು. “ಕೇಳಿಲ್ಲಿ. ಇಪ್ಪತ್ತಾರು ವರ್ಷ ನಿನ್ನ ಕೈಕೆಲಸ ತೋರಿಸಿ ನನ್ನ ಹೆಸರು ಹಾಕ್ಕೊಂಡೆ. ಈಗ ನನ್ನ ಬಾಯಿ ತೋರಿಸಿ ನಿನ್ನ ಹೆಸರು ಹಾಕ್ಕೋ.”

ಜೋರಾಗಿ ಅತ್ತುಬಿಟ್ಟೆ. ಮುದುಕಿ ಬಾಗಿಲಿಗೆ ಬಂದು ಇಣುಕಿ, ಒಂದು ಲೋಟ ನೀರು ಇಟ್ಟು ಹೋದಳು. ಅಣ್ಣ ಅಷ್ಟು ಹೊತ್ತೂ ಫೋನ್ ಇಡಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಒಂದು ತೆಳು ಕಾಗದದ ಮೇಲೆ ಅಕ್ಕಿಕಾಳಿನಷ್ಟು ಜಾಗದಲ್ಲಿ ನನ್ನ ಹೆಸರು ಬರೆದೆ. ಮೂರು ಕಾಗದ ಹಾಳಾದವು. ನಾಲ್ಕನೆಯದನ್ನು ಕೊರೆದ ಜಾಗದಲ್ಲಿಟ್ಟು ಮೇಲೆ ಪಾರದರ್ಶಕ ಹಿಟ್ಟು ಮುಚ್ಚಿದೆ. ಕಚೇರಿಯ ಅರ್ಜಿಯಲ್ಲಿ ‘ಯಾರ ಬಾಯಿಗೆ’ ಎನ್ನುವಲ್ಲಿ ಅಣ್ಣ ಎಂದು ಬರೆದೆ. ಕೆಲಸ ಮುಗಿದ ಮೇಲೆ ಸೆಟ್ ವಾಪಸ್ಸು ಬೇಕೇಬೇಕು, ಆ ಮನುಷ್ಯ ಊಟ ಮಾಡುತ್ತಿಲ್ಲ ಎಂದು ಯಜಮಾನನಿಂದ ಇನ್ನೊಂದು ಸಾಲು ಬರೆಸಿದೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ತಿಳಿಯದು. ದೀಪದ ಕಂಬದವರೆಗೆ ಹೋಗುವುದು, ಬರುವುದು. ಅಂಚೆಯವನ ಸೈಕಲ್ ಬೀದಿಯ ತಿರುವಿನಲ್ಲಿ ಕಂಡರೆ ಬಾಗಿಲಿಗೆ ಓಡುತ್ತಿದ್ದೆ, ಅವನು ನಿಲ್ಲಿಸದೆ ಮುಂದೆ ಹೋದರೆ ಅವನ ಮೇಲೇ ಕೋಪ ಬರುತ್ತಿತ್ತು. ಎಪ್ಪತ್ತು, ಎಂಬತ್ತು, ಎಂಬತ್ತೈದು. ಪೆಟ್ಟಿಗೆಯ ಬಕಲ್ಲು ದಿನಕ್ಕೊಂದು ಸಲ ಬಿಗಿ ಮಾಡಿ ನೋಡುತ್ತಿದ್ದೆ. ಈಗ ಭಾನುವಾರ ಫೋನಿನಲ್ಲಿ ಅಣ್ಣನೇ ಮೊದಲು ಬರುತ್ತಿದ್ದ. ಬಂತಾ ಎಂದು ಕೇಳುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ಗಂಜಿ ಚೆನ್ನಾಗಿದೆ ಎಂದು ಸುಳ್ಳು ಹೇಳಿ ಇಟ್ಟುಬಿಡುತ್ತಿದ್ದ.

ಎಂಬತ್ತೇಳನೇ ದಿನ ಯಜಮಾನ ತಾನೇ ಮನೆಗೆ ಬಂದ. ಒಂದು ಕೈಯಲ್ಲಿ ಪತ್ರ, ಇನ್ನೊಂದರಲ್ಲಿ ಮುದ್ರೆ ಒತ್ತಿದ ಚಿಕ್ಕ ಡಬ್ಬಿ. ಮುದುಕಿ ಪತ್ರವನ್ನು ನನಗಿಂತ ಮೊದಲು ಓದಿ, ಸೀದಾ ಕಿಟಕಿಗೆ ಹೋಗಿ ಹಲಗೆ ಕಿತ್ತು ಒಲೆಯ ಹಿಂದೆ ಎಸೆದಳು. ನಾನು ಪತ್ರ ಮುಟ್ಟುವುದಕ್ಕೆ ಮುಂಚೆ ಡಬ್ಬಿ ತೆಗೆದು ನೋಡಿದೆ. ಸೆಟ್ ಹಾಗೆಯೇ ಇತ್ತು, ಏರಿದ ಹಲ್ಲು, ನನ್ನ ಹೆಸರು, ಎಲ್ಲ. ಅವತ್ತೇ ಅಂಚೆಗೆ ಹಾಕಿದೆ. ಸಂಜೆ ಬಂದು ಪೆಟ್ಟಿಗೆಯ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿದೆ. ಅಣ್ಣನ ಅಚ್ಚು ಸುತ್ತಿದ್ದ ಟವೆಲ್ಲಿನಲ್ಲಿ ಇನ್ನೂ ಪ್ಲಾಸ್ಟರಿನ ಪುಡಿ ಇತ್ತು. ಒಗೆಯಲು ಮನಸ್ಸಾಗಲಿಲ್ಲ.

ಹನ್ನೆರಡು ದಿನದ ಮೇಲೆ ನಾನು ನನ್ನ ಮೇಜಿನ ಮುಂದೆ ಮೇಣ ಕೊರೆಯುತ್ತಿದ್ದಾಗ ಫೋನ್ ಬಂತು. ಭಾನುವಾರ ಅಲ್ಲ.

“ಸಾಸಿವೆ,” ಎಂದ ಅಣ್ಣ. ಹಲೋ ಇಲ್ಲ, ಏನಿಲ್ಲ.

ಚಾಕು ಕೆಳಗಿಟ್ಟೆ. “ಇನ್ನೊಂದ್ಸಲ.”

“ಸಾಸಿವೆ. ಸಾವಿರ. ಸಂತೆ.”

ಅವನದೇ ದನಿ. ಒಂದೊಂದು ಅಕ್ಷರವೂ ತನ್ನ ಜಾಗದಲ್ಲಿ ಕೂತಿತ್ತು. ಸಾವಿರ ಎನ್ನುವಾಗ ಮಾತ್ರ ಒಂದು ಸಣ್ಣ ಸಿಳ್ಳು. ಮುಖ ಇಳಿದುಹೋಗಿದೆಯಲ್ಲ, ಎರಡು ತಿಂಗಳಲ್ಲಿ ವಸಡು ಸ್ವಲ್ಪ ಬದಲಾಗಿದೆ. ಇಪ್ಪತ್ತಾರು ವರ್ಷ ಎಲ್ಲ ಗಿರಾಕಿಗಳಿಗೂ ಹೇಳಿದ್ದನ್ನೇ ನನ್ನ ಬಾಯಿ ತಾನಾಗಿ ಹೇಳಿತು.

“ಎಡಗಡೆ ಒಂಚೂರು ಎತ್ತರ ಇದೆ. ನಾಳೆ ಅಂಗಡಿಗೆ ಬಾ, ಉಜ್ಜಿಕೊಡ್ತೀನಿ.”

ಹೇಳಿದ ಮೇಲೆ ನಾನೆಲ್ಲಿದ್ದೇನೆ ಎನ್ನುವುದು ನೆನಪಾಯಿತು. ಪಕ್ಕದ ಮೇಜಿನವನು ಅರ ಉಜ್ಜುವ ಸದ್ದು ಕೇಳುತ್ತಿತ್ತು. ಅಳಿಯನ ಕೈಗೆ ಕೊಡು, ಅವನು ಉಜ್ಜುತ್ತಾನೆ ಎಂದು ಮೆಲ್ಲಗೆ ಹೇಳಿದೆ.

“ಅವನ ಕೈಗೆ ಕೊಡಲ್ಲ,” ಎಂದ ಅಣ್ಣ. “ನಿನಗೆ ರಜೆ ಸಿಕ್ಕಾಗ ಬಾ. ಅಲ್ಲೀವರೆಗೆ ಬಲಗಡೆ ಅಗೀತಿರ್ತೀನಿ.”